‘ಮೇಕ್ ಅಪ್’ ಅನ್ನೋದನ್ನ ಬಂಗಾಳಿ ಮಕ್ಕಳಿಗೆ ಮನೆಮಾತಲ್ಲೇ ಹೇಳ್ಕೊಡಿ

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನ (ಮೇಕ್ ಅಪ್, ಪುಟ್ ಆಫ್ ಥರ ಕ್ರಿಯಾಪದಕ್ಕೆ ಒಂದು ಚಿಕ್ಕ ಪದ ಸೇರಿ ಬೇರೆ ಅರ್ಥ ಕೊಡೋ ಜೋಡಿಗಳನ್ನ) ಬಂಗಾಳಿ ಮಕ್ಕಳಿಗೆ ಲಿಸ್ಟ್ ಕೊಟ್ಟು ಬಾಯಿಪಾಠ ಮಾಡ್ಸೋದನ್ನ ನಿಲ್ಲಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾನು ಬ್ಯಾಂಕ್ ಟ್ರಾನ್ಸ್‌ಫರ್ ಮೇಲೆ ಕೋಲ್ಕತ್ತಾಗೆ ಬಂದು ಇಲ್ಲೇ ಉಳ್ಕೊಂಡೋಳು, ಸಂಜೆ ಹೊತ್ತು ನಮ್ಮ ಬಿಲ್ಡಿಂಗಿನ ಮಕ್ಕಳು ಕಾಕಿಮಾ ಕಾಕಿಮಾ (ಅಂದ್ರೆ ಚಿಕ್ಕಮ್ಮ) ಅಂತ ಇಂಗ್ಲಿಷ್ ಪುಸ್ತಕ ಹಿಡ್ಕೊಂಡು ಬರ್ತಾರೆ, ಅದ್ರಲ್ಲೂ ಹತ್ತನೇ ಕ್ಲಾಸಿನ ಮಾಧ್ಯಮಿಕ್ ಪರೀಕ್ಷೆ ಹತ್ರ ಬಂದಾಗ. ಆ ಪರೀಕ್ಷೆಯ ಇಂಗ್ಲಿಷ್ ಪೇಪರಲ್ಲಿ ಒಂದು ಪ್ರಶ್ನೆ ಇರತ್ತೆ, ಕೆಲವು ವಾಕ್ಯ ಕೊಟ್ಟು ಅದ್ರಲ್ಲಿ ಒಂದೊಂದು ಪದಕ್ಕೆ ಗೆರೆ ಎಳೆದಿರ್ತಾರೆ, ಆ ಪದದ ಬದಲು ಪಟ್ಟಿಯಿಂದ ಸರಿಯಾದ ಫ್ರೇಸಲ್ ವರ್ಬ್ ಆರಿಸಿ, ಬೇಕಾದ್ರೆ ರೂಪ ಬದಲಾಯ್ಸಿ ಬರೀಬೇಕು, ಪಟ್ಟಿಯಲ್ಲಿ ಒಂದು ಬೇಕಂತಲೇ ಜಾಸ್ತಿ ಇಟ್ಟಿರ್ತಾರೆ. ಮಾರ್ಕ್ಸ್ ಏನೋ ಸ್ವಲ್ಪವೇ, ಆದ್ರೆ ಮಕ್ಕಳಿಗೆ ಅದನ್ನ ಕಂಡ್ರೆ ಇರೋ ಭಯ ಮಾತ್ರ ಸ್ವಲ್ಪ ಅಲ್ಲ.

ಅಪ್ಪ ಅಮ್ಮಂದ್ರನ್ನ ಕೇಳೋಣ ಅಂದ್ರೆ ಅವರಲ್ಲಿ ಎಷ್ಟೋ ಜನ ಇಂಗ್ಲಿಷ್ ತಡವಾಗಿ ಶುರು ಮಾಡಿದೋರು. 1980ರ ದಶಕದಲ್ಲಿ ಪಶ್ಚಿಮ ಬಂಗಾಳದ ಸರ್ಕಾರಿ ಪ್ರೈಮರಿ ಸ್ಕೂಲುಗಳಿಂದ ಇಂಗ್ಲಿಷ್ ತೆಗೆದುಹಾಕಿದ್ರು, ಒಂದನೇ ಕ್ಲಾಸಿಗೆ ಅದು ವಾಪಸ್ ಬಂದಿದ್ದು 2004ರಲ್ಲಿ. ಮಾತೃಭಾಷೆಯಲ್ಲೇ ಮೊದಲು ಕಲೀಲಿ ಅನ್ನೋ ವಿಚಾರ ನನಗೆ ಈಗಲೂ ಇಷ್ಟವೇ, ಅದರ ಬಗ್ಗೆ ಜಗಳ ಆಡೋಕೆ ಬಂದಿಲ್ಲ, ಆದ್ರೆ ನಡುವಿನ ತಲೆಮಾರಿಗೆ ಇಂಗ್ಲಿಷ್ ಅಂದ್ರೆ ಪರೀಕ್ಷೆ ಅನ್ನೋ ಭಾವನೆ ಕೂತುಬಿಟ್ಟಿದೆ, ಮನೆಯಲ್ಲಿ ಮಾತಾಡೋ ಒಂದು ಭಾಷೆ ಅನ್ನೋ ಭಾವನೆ ಬಂದೇ ಇಲ್ಲ. ಹಾಗಾಗಿ ಮಕ್ಕಳಿಗೆ ಉಳಿಯೋದು ಗೈಡ್‌ಗಳು. ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ರಾಶಿ ರಾಶಿ ಸಿಗತ್ತೆ, ಎಡಗಡೆ ಇಂಗ್ಲಿಷ್, ಬಲಗಡೆ ಬಂಗಾಳಿ ಅರ್ಥ.

ನನ್ನ ತಕರಾರು ಆ ಬಲಗಡೆ ಕಾಲಂ ಬಗ್ಗೇನೇ. ಮೇಕ್ ಅಪ್ ಫಾರ್ ಅನ್ನೋದಕ್ಕೆ ‘ಖೊತಿಪೂರೊನ್ ಕೊರಾ’ ಅಂತ ಹಾಕಿರ್ತಾರೆ, ಅಂದ್ರೆ ಕ್ಷತಿಪೂರಣ, ನಷ್ಟ ಭರ್ತಿ. ಮೇಕ್ ಅಪ್ ಅಂದ್ರೆ ‘ಉದ್ಭಾಬೊನ್ ಕೊರಾ’, ಉದ್ಭಾವನ. ಪುಟ್ ಆಫ್ ಅಂದ್ರೆ ‘ಸ್ಥೊಗಿತ್ ರಾಖಾ’, ಸ್ಥಗಿತ. ಅರ್ಥ ತಪ್ಪು ಅಂತ ಹೇಳ್ತಿಲ್ಲ, ಆದ್ರೆ ಯಾವ ಬಂಗಾಳಿ ಹುಡುಗಿ ಅವಳಮ್ಮನ ಹತ್ರ ಹೋಗಿ ಮಾ ನಾನು ಖೊತಿಪೂರೊನ್ ಮಾಡ್ತೀನಿ ಅಂತಾಳೆ ಹೇಳಿ? ಅವಳು ಹೇಳೋದು ‘ಪುಶಿಯೆ ದೇಬೋ’, ತುಂಬಿಕೊಡ್ತೀನಿ ಅಂತ. ಇಂಗ್ಲಿಷಲ್ಲೂ ಎರಡು ಥರದ ಮಾತಿದೆ, ಕಾಂಪನ್ಸೇಟ್, ಇನ್ವೆಂಟ್, ಪೋಸ್ಟ್‌ಪೋನ್, ಟಾಲರೇಟ್ ಎಲ್ಲಾ ಲ್ಯಾಟಿನ್ನಿಂದ ಬಂದಿರೋ ಆಫೀಸು ಪದಗಳು, ಅವೇ ಕೆಲಸಕ್ಕೆ ಮನೇಲಿ ಬಳಸೋದು ಮೇಕ್ ಅಪ್ ಫಾರ್, ಮೇಕ್ ಅಪ್, ಪುಟ್ ಆಫ್, ಪುಟ್ ಅಪ್ ವಿತ್. ಬಂಗಾಳಿಯಲ್ಲಿ ಆ ಆಫೀಸಿನ ಜಾಗದಲ್ಲಿ ಸಂಸ್ಕೃತದ ಪದಗಳಿವೆ, ಮನೆಯ ಜಾಗದಲ್ಲಿ ಪುಶಿಯೆ ದೇವಾ, ಬಾನಿಯೆ ಬೊಲಾ, ಪಿಛಿಯೆ ದೇವಾ ಇವೆ. ಗೈಡ್ ಬರೆಯೋರು ಇಂಗ್ಲಿಷಿನ ಮನೆಮಾತನ್ನ ತಗೊಂಡು ಬಂಗಾಳಿಯ ಆಫೀಸು ಮಾತಿಗೆ ಗಂಟು ಹಾಕಿದಾರೆ, ಮಗು ಎರಡನ್ನೂ ಬೇರೆಯವರ ಭಾಷೆ ಅಂತ ಓದಿ ಮರೀತದೆ. ಮನೆಮಾತಿಗೆ ಮನೆಮಾತನ್ನೇ ಜೋಡಿಸ್ಬೇಕು, ನಾನು ಈ ಪೋಸ್ಟಲ್ಲಿ ಹೇಳೋಕೆ ಹೊರಟಿರೋದು ಅಷ್ಟೇ, ಆದ್ರೆ ಅದನ್ನ ಬಿಡಿಸಿ ಹೇಳೋಕೆ ಸ್ವಲ್ಪ ಜಾಗ ಬೇಕು.

ಫ್ರೇಸಲ್ ವರ್ಬ್ ಪರದೇಶದವರಿಗೆ ಕಷ್ಟ ಅನ್ನೋದು ಇಂಗ್ಲಿಷಿನವರಿಗೇ ಬಹಳ ಹಿಂದಿಂದ ಗೊತ್ತು. ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ತನ್ನ ಡಿಕ್ಷನರಿ ತಂದಾಗ ಅದರ ಮುನ್ನುಡಿಯಲ್ಲೇ ಬರ್ದಿದಾನೆ, ಕ್ರಿಯಾಪದದ ಹಿಂದೆ ಒಂದು ಚಿಕ್ಕ ಪದ ಸೇರಿಸಿ ಅರ್ಥ ಬದಲಾಯ್ಸೋ ಅಭ್ಯಾಸ ನಮ್ಮ ಭಾಷೆಯಲ್ಲಿ ತುಂಬಾ ಇದೆ, ಹೊರಗಿನವರಿಗೆ ಇದೇ ಅತಿ ದೊಡ್ಡ ತೊಡಕು ಅಂತ. ಫ್ರೇಸಲ್ ವರ್ಬ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು ಅದಕ್ಕಿಂತ ಎಷ್ಟೋ ಆಮೇಲೆ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅದನ್ನ ಬಳಸಿದ ಮೇಲೆ. ಜಾನ್ಸನ್ ಮಾತು ಬಂಗಾಳಿಯವರ ಮಟ್ಟಿಗೆ ಅರ್ಧ ಮಾತ್ರ ನಿಜ ಅಂತ ನನಗನ್ಸತ್ತೆ, ಕನ್ನಡದವರ ಮಟ್ಟಿಗೂ ಅಷ್ಟೇ.

ಯಾಕಂದ್ರೆ ಬಂಗಾಳಿಯಲ್ಲಿ ‘ಜೌಗಿಕ್ ಕ್ರಿಯಾ’ ಅಂತ ಒಂದಿದೆ, ಯೌಗಿಕ ಕ್ರಿಯೆ, ಸ್ಕೂಲಲ್ಲಿ ವ್ಯಾಕರಣದ ಪಾಠದಲ್ಲೇ ಬರತ್ತೆ. ಎರಡು ಕ್ರಿಯಾಪದ ಒಟ್ಟಿಗೆ, ಮೊದಲನೇದು ಅರ್ಥ ಕೊಡತ್ತೆ, ಎರಡನೇದು ತನ್ನ ಸ್ವಂತ ಅರ್ಥ ಕಳ್ಕೊಂಡು ಬರೀ ಒಂದು ಬಣ್ಣ ಕೊಡತ್ತೆ. ‘ಖೇಯೆ ಫ್ಯಾಲ್’ ಅಂತಾರೆ ತಾಯಂದ್ರು ತಟ್ಟೆ ಮುಂದೆ ಕೂತ ಮಗುಗೆ. ಖೇಯೆ ಅಂದ್ರೆ ತಿಂದು, ಫ್ಯಾಲಾ ಅಂದ್ರೆ ಎಸೆಯೋದು. ತಿಂದು ಎಸಿ ಅಂತ ಯಾರೂ ಅರ್ಥ ಮಾಡ್ಕೊಳ್ಳಲ್ಲ, ತಿಂದು ಮುಗಿಸು ಅಂತಲೇ. ಇಂಗ್ಲಿಷಲ್ಲಿ ಇದೇ ಈಟ್ ಅಪ್. ಕನ್ನಡದಲ್ಲಿ ತಿಂದ್ಬಿಡು. ನೋಡಿ, ಒಂದೇ ಮಾತಿಗೆ ಇಂಗ್ಲಿಷಿನವರು ಮೇಲಕ್ಕೆ ಹೋಗ್ತಾರೆ, ಬಂಗಾಳಿಗಳು ಎಸೀತಾರೆ, ನಾವು ಬಿಡ್ತೀವಿ, ಮೂರಕ್ಕೂ ಮುಗೀತು ಅನ್ನೋದೇ ಅರ್ಥ. ಈ ಒಂದು ಸಾಲು ಹೇಳಿದ್ರೆ ಸಾಕು, ಮಕ್ಕಳ ಮುಖ ಅರಳತ್ತೆ, ಡ್ರಿಂಕ್ ಅಪ್, ಯೂಸ್ ಅಪ್, ಫಿನಿಶ್ ಅಪ್ ಎಲ್ಲಾ ತಾವೇ ಹೇಳ್ತಾರೆ, ಇಲ್ಲಿ ಅಪ್ ಅಂದ್ರೆ ಮೇಲೆ ಅಲ್ಲ, ಅಪ್ ಅಂದ್ರೆ ಫ್ಯಾಲಾ ಅಂತ.

ಇನ್ನೂ ಚೆನ್ನಾಗಿರೋದು ‘ಉಠೆ ಪೊಡ್’. ಬೆಳಿಗ್ಗೆ ಮಕ್ಕಳನ್ನ ಎಬ್ಬಿಸೋವಾಗ ಎಲ್ಲಾ ಬಂಗಾಳಿ ಮನೇಲೂ ಕೇಳಿಸೋ ಮಾತು. ಉಠೆ ಅಂದ್ರೆ ಎದ್ದು, ಪೊಡಾ ಅಂದ್ರೆ ಬೀಳೋದು. ಎದ್ದು ಬೀಳು! ಗೆಟ್ ಅಪ್ ಅನ್ನೋದರಲ್ಲಿ ಗೆಟ್ ಯಾಕಿದೆ ಅಂತ ತಲೆ ಕೆಡಿಸ್ಕೊಳ್ಳೋ ಹುಡುಗ ಉಠೆ ಪೊಡ್‌ನಲ್ಲಿ ಬೀಳೋದು ಯಾಕಿದೆ ಅಂತ ಯಾವತ್ತೂ ಕೇಳಿರಲ್ಲ. ‘ಘುಮಿಯೆ ಪೊಡಾ’ ಅಂದ್ರೆ ನಿದ್ದೆಗೆ ಬೀಳೋದು, ಇಂಗ್ಲಿಷಿನ ಫಾಲ್ ಅಸ್ಲೀಪ್‌ಗೆ ಪದಕ್ಕೆ ಪದ ಸರಿಹೋಗತ್ತೆ, ನಾವು ಮಾತ್ರ ನಿದ್ದೆ ಹೋಗ್ತೀವಿ. ‘ಭೆಂಗೆ ಪೊಡಾ’ ಅಂದ್ರೆ ಮುರಿದು ಬೀಳೋದು, ಕೆಟ್ಟ ಸುದ್ದಿ ಕೇಳಿ ಅಮ್ಮ ಭೆಂಗೆ ಪೋಡ್ಲೇನ್ ಅಂದ್ರೆ ಇಂಗ್ಲಿಷಲ್ಲಿ ಶೀ ಬ್ರೋಕ್ ಡೌನ್, ಕನ್ನಡದಲ್ಲಿ ಕುಸಿದುಹೋದ್ರು. ಇದಕ್ಕೆ ಯಾವ ಲಿಸ್ಟೂ ಬೇಡ, ಹೇಳಿದ ತಕ್ಷಣ ಹತ್ತತ್ತೆ. ಆದ್ರೆ ಗಾಡಿ ಬ್ರೇಕ್ ಡೌನ್ ಆದ್ರೆ ಬಂಗಾಳಿಯಲ್ಲಿ ಭೆಂಗೆ ಪೊಡಾ ಅನ್ನಲ್ಲ, ‘ಖಾರಾಪ್ ಹೋಯೆ ಜಾವಾ’ ಅಂತಾರೆ, ಕೆಟ್ಟುಹೋಗೋದು. ಆ ವ್ಯತ್ಯಾಸ ಹೇಳದೆ ಬಿಟ್ರೆ ಮಗು ಬಸ್ಸು ಅಳ್ತಿದೆ ಅಂತ ಅಂದ್ಕೊಳ್ಳತ್ತೆ.

ಕನ್ನಡದವಳಾಗಿ ನನಗೆ ಇದೆಲ್ಲಾ ಬೇಗ ಹತ್ತಿದ್ದಕ್ಕೆ ಕಾರಣ ಇದೆ. ಬಂಗಾಳಿ ಸಂಸ್ಕೃತದ ಕಡೆಯ ಭಾಷೆ, ಕನ್ನಡ ದ್ರಾವಿಡ, ಹುಟ್ಟಿನಲ್ಲಿ ನೆಂಟಸ್ತಿಕೆ ಇಲ್ಲ, ಆದ್ರೂ ವಾಕ್ಯ ಕಟ್ಟೋ ರೀತಿ ಎಷ್ಟೋ ಕಡೆ ಒಂದೇ. ‘ಲಿಖೆ ನೇ’ ಅಂದ್ರೆ ಬರ್ಕೋ, ‘ಲಿಖೆ ದೇ’ ಅಂದ್ರೆ ಬರ್ಕೊಡು, ನೇ ಅಂದ್ರೆ ತಗೋ, ದೇ ಅಂದ್ರೆ ಕೊಡು. ನಮ್ಮ ಕೊಳ್ಳು ಮತ್ತು ಕೊಡು ಇದ್ದ ಹಾಗೇ. ‘ಖೇಯೆಇ ಫೆಲ್ಲಾಮ್’ ಅಂತ ಮಧ್ಯದಲ್ಲಿ ಒಂದು ಇ ಸೇರಿಸಿದ್ರೆ ಅದು ಸೀದಾ ‘ತಿಂದೇ ಬಿಟ್ಟೆ’, ನಾವು ಏ ಹಾಕೋ ಜಾಗದಲ್ಲೇ ಅವರು ಇ ಹಾಕ್ತಾರೆ. ಹಾಗೇ ಇಲ್ಲ ಅಂತ ಹೇಳೋವಾಗ ಎರಡು ಭಾಷೆಯಲ್ಲೂ ಸಾಮಾನ್ಯವಾಗಿ ಆ ಎರಡನೇ ಕ್ರಿಯಾಪದ ಬಿಟ್ಟೇಹೋಗತ್ತೆ, ಅವರು ‘ಖಾಯ್ ನಿ’ ಅಂತಾರೆ, ನಾವು ತಿಂದಿಲ್ಲ ಅಂತೀವಿ. ಎಮಿನೋ ಅನ್ನೋ ಭಾಷಾಶಾಸ್ತ್ರಜ್ಞರು, ನಮ್ಮ ಕೊಡವ ಭಾಷೆ ಮೇಲೂ ಕೆಲಸ ಮಾಡಿದೋರು, ಭಾರತ ಅನ್ನೋದೇ ಒಂದು ಭಾಷಾ ವಲಯ, ಬೇರೆ ಬೇರೆ ಕುಟುಂಬದ ಭಾಷೆಗಳು ಇಲ್ಲಿ ಅಕ್ಕಪಕ್ಕ ಬಾಳಿ ಒಂದರ ಗುಣ ಒಂದಕ್ಕೆ ಬಂದಿದೆ ಅಂತ 1956ರಲ್ಲಿ ಬರೆದ್ರು, ಆಮೇಲೆ 1976ರಲ್ಲಿ ಮಸಿಕಾ ಅನ್ನೋರು ಇದೇ ಜೋಡಿ ಕ್ರಿಯಾಪದಗಳನ್ನ ಆ ವಲಯದ ಒಂದು ದೊಡ್ಡ ಗುರುತು ಅಂತ ವಿವರವಾಗಿ ಚರ್ಚೆ ಮಾಡಿದ್ರು. ಇನ್ನೊಂದು ವಿಷಯ ಹೇಳ್ಲೇಬೇಕು, ಕೋಲ್ಕತ್ತಾದಿಂದ ಹೂಗ್ಲಿ ನದಿ ಗುಂಟ ಸ್ವಲ್ಪ ಮೇಲೆ ಹೋದ್ರೆ ಶ್ರೀರಾಮ್‌ಪುರ ಸಿಗತ್ತೆ, ಅಲ್ಲಿದ್ದ ಮಿಷನರಿ ವಿಲಿಯಂ ಕೇರಿ 1801ರಲ್ಲಿ ಬಂಗಾಳಿ ವ್ಯಾಕರಣ ಬರೆದ, ಅದೇ ಮನುಷ್ಯ 1817ರಲ್ಲಿ ಕನ್ನಡ ವ್ಯಾಕರಣವನ್ನೂ ತಂದ. ಬಂಗಾಳದಲ್ಲಿ ಕೂತು ಕನ್ನಡದ ವ್ಯಾಕರಣ! ಈ ಎರಡು ಭಾಷೆಯನ್ನ ಒಂದೇ ಮೇಜಿನ ಮೇಲಿಟ್ಟು ನೋಡೋದು ಹೊಸ ವಿಷಯ ಏನಲ್ಲ.

ಸರಿ, ಈಗ ಮೇಕ್ ಅಪ್‌ಗೆ ಬರೋಣ. ಇದನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ ಬಂಗಾಳಿ ಮಕ್ಕಳಿಗೂ ಕನ್ನಡ ಮಕ್ಕಳಿಗೂ ಈ ಪದ ಕೇಳಿದ ಕೂಡ್ಲೇ ತಲೆಗೆ ಬರೋದು ಪೌಡರ್ರು ಲಿಪ್‌ಸ್ಟಿಕ್ಕು, ಮಿಕ್ಕ ಅರ್ಥಗಳಿಗೆ ಬಾಗಿಲೇ ಮುಚ್ಚಿರತ್ತೆ.

ಮೊದಲು ಕಥೆ ಕಟ್ಟೋ ಅರ್ಥ. ಹೀ ಮೇಡ್ ಅಪ್ ಎ ಸ್ಟೋರಿ. ಬಂಗಾಳಿಯಲ್ಲಿ ‘ಬಾನಾನೋ’ ಅಂದ್ರೆ ಮಾಡೋದು, ತಯಾರಿಸೋದು, ‘ಬಾನಿಯೆ ಬೊಲಾ’ ಅಂದ್ರೆ ಮಾಡಿ ಹೇಳೋದು, ಅಂದ್ರೆ ಇಲ್ಲದ್ದನ್ನ ಹುಟ್ಟಿಸಿ ಹೇಳೋದು. ಮೇಕ್ ಅನ್ನೋದು ಇಲ್ಲಿ ಆಗಲೇ ಕೂತಿದೆ! ಮಗು ಉದ್ಭಾಬೊನ್ ಅಂತ ಓದಿದ್ರೆ ವಿಜ್ಞಾನಿ ಏನೋ ಕಂಡುಹಿಡಿದ ಅಂತ ಅಂದ್ಕೊಳ್ಳತ್ತೆ, ಬಾನಿಯೆ ಬೊಲಾ ಅಂದ್ರೆ ಹೋಮ್‌ವರ್ಕ್ ಯಾಕ್ ಮಾಡಿಲ್ಲ ಅಂದಾಗ ತಾನು ಹೇಳೋ ಮಾತು ನೆನಪಾಗತ್ತೆ. ಕೆಲವು ಮಕ್ಕಳು ಅಪ್ ಬಿಟ್ಟು ಬರೀ ಹೀ ಮೇಡ್ ಎ ಸ್ಟೋರಿ ಅಂತ ಬರೀತಾರೆ, ಅದ್ರಲ್ಲಿ ತಲೆಯಿಂದ ಹುಟ್ಟಿಸಿದ್ದು ಅನ್ನೋ ಬಣ್ಣ ಇರಲ್ಲ, ಬಾನಿಯೆ ಜೊತೆ ಬೊಲಾ ಬಿಟ್ಟುಹೋದಂಗೆ ಅಂತ ಹೇಳಿದ್ರೆ ತಿದ್ಕೊಳ್ತಾರೆ. ಇನ್ನೊಂದು ಮುಖ್ಯ, ಮೇಕ್ ಅಪ್ ಅಂದ್ರೆ ಯಾವಾಗ್ಲೂ ಸುಳ್ಳು ಅಂತಲ್ಲ. ಅಜ್ಜಿ ಮೊಮ್ಮಗುಗೆ ರಾತ್ರಿ ಮಲಗೋವಾಗ ಬಾಯಿಗೆ ಬಂದ ಕಥೆ ಕಟ್ಟಿ ಹೇಳಿದ್ರೂ ಅದು ಮೇಕ್ ಅಪ್ಪೇ. ಬಂಗಾಳಿಯಲ್ಲಿ ‘ಬಾನಿಯೆ ಬಾನಿಯೆ’ ಅಂತ ಎರಡು ಸಲ ಹೇಳ್ತಾರೆ, ಅದು ಕಳ್ಳ ನೆಪಕ್ಕೂ ಆಗತ್ತೆ, ಅಜ್ಜಿ ಕಥೆಗೂ ಆಗತ್ತೆ, ಹೇಳೋರ ದನಿ ಮೇಲೆ ಗೊತ್ತಾಗತ್ತೆ. ನಮ್ಮಲ್ಲಿ ಕಥೆ ಕಟ್ತಾನೆ ಅನ್ನೋದೂ ಹಾಗೇ ಅಲ್ವಾ, ಕಟ್ಟುಕಥೆ ಅಂದ್ರೆ ಬೈಗುಳ, ಕಥೆ ಕಟ್ಟಿ ಹೇಳ್ತಾಳೆ ಅಂದ್ರೆ ಮೆಚ್ಚುಗೆ.

ಜಗಳ ಆಗಿ ಮತ್ತೆ ಒಂದಾಗೋ ಅರ್ಥ ನನಗೆ ಎಲ್ಲಕ್ಕಿಂತ ಇಷ್ಟ. ದೇ ಕ್ವಾರಲ್ಡ್ ಬಟ್ ದೇ ಮೇಡ್ ಅಪ್. ಗೈಡಲ್ಲಿ ಇದಕ್ಕೂ ಒಂದು ಭಾರವಾದ ಪದ ಇರತ್ತೆ, ಆದ್ರೆ ಬಂಗಾಳಿ ಮಕ್ಕಳ ಲೋಕದಲ್ಲಿ ಇದಕ್ಕೆ ಪೂರಾ ಒಂದು ಕಾನೂನೇ ಇದೆ. ಜಗಳ ಆಡಿ ಮಾತು ಬಿಟ್ರೆ ‘ಆಡಿ’, ಡ ಸ್ವಲ್ಪ ನಾಲಿಗೆ ಮಡಚಿ ಹೇಳ್ಬೇಕು, ಮತ್ತೆ ಮಾತಾಡ್ಸಿದ್ರೆ ‘ಭಾಬ್’. ಆಡಿ ಆಡಿ ಆಡಿ ಅಂತ ಶುರುವಾಗೋ, ನಾಳೆ ಊರಿಗೆ ಹೋಗ್ತೀನಿ ಏನ್ ಮಾಡ್ತೀಯೋ ಮಾಡ್ಕೋ ಅನ್ನೋ ಪ್ರಾಸದ ಹಾಡು ಎಲ್ಲಾ ಮಕ್ಕಳಿಗೂ ಬರತ್ತೆ. ನಮ್ಮ ಕಡೆ ಟೂ ಬಿಡೋದು ಅಂತೀವಲ್ಲ ಅದೇ ಆಡಿ. ಮೇಕ್ ಅಪ್ ಅಂದ್ರೆ ‘ಭಾಬ್ ಕೋರೆ ನೇವಾ’ ಅಂತ ಒಂದು ಸಲ ಹೇಳಿ ನೋಡಿ, ಆ ಮಗು ಅದನ್ನ ಜನ್ಮದಲ್ಲಿ ಮರೆಯಲ್ಲ. ದೊಡ್ಡೋರ ಜಗಳಕ್ಕೆ ‘ಮಿಟಿಯೆ ನೇವಾ’ ಇದೆ, ಮಿಟ್‌ಮಾಟ್ ಇದೆ, ಅಲ್ಲೂ ನೇವಾ ಇದೆ ನೋಡಿ, ನಮ್ಮ ಸರಿಮಾಡ್ಕೊಂಡ್ರು ಅನ್ನೋದರ ಕೊಂಡ್ರು. ವ್ಯಾಕರಣವೂ ಸುಲಭವಾಗಿ ಕೂರತ್ತೆ, ಯಾರ ಜೊತೆ ಅನ್ನೋದಕ್ಕೆ ಬಂಗಾಳಿಯಲ್ಲಿ ‘ಶೊಂಗೆ’ ಬರತ್ತೆ, ಇಂಗ್ಲಿಷಲ್ಲಿ ವಿತ್ ಬರತ್ತೆ, ಮೇಡ್ ಅಪ್ ವಿತ್ ಹರ್ ಸಿಸ್ಟರ್.

ನಷ್ಟ ತುಂಬೋ ಅರ್ಥಕ್ಕೆ ‘ಪುಶಿಯೆ’ ಅಂತ ಹೇಳಿದ್ನಲ್ಲ, ಅದ್ರಲ್ಲಿ ಬಂಗಾಳಿ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದಿದೆ. ನನಗೆ ನಾನೇ ತುಂಬ್ಕೊಂಡ್ರೆ ‘ಪುಶಿಯೆ ನೇವಾ’, ಇನ್ನೊಬ್ಬರಿಗೆ ತುಂಬಿಕೊಟ್ರೆ ‘ಪುಶಿಯೆ ದೇವಾ’. ಇಂಗ್ಲಿಷಲ್ಲಿ ಕ್ರಿಯಾಪದ ಎರಡಕ್ಕೂ ಅದೇ, ಹಿಂದೆ ಬರೋ ಚಿಕ್ಕ ಪದಗಳು ಕೆಲಸ ಮಾಡ್ತವೆ. ಕಳೆದ ಸಮಯ ಮೇಕ್ ಅಪ್ ಮಾಡ್ಕೊಳ್ಳೋದಾದ್ರೆ ಫಾರ್ ಬರತ್ತೆ, ಮೇಕ್ ಅಪ್ ಫಾರ್ ಲಾಸ್ಟ್ ಟೈಮ್. ನಿನ್ನ ಬರ್ತ್‌ಡೇಗೆ ಬರೋಕಾಗ್ಲಿಲ್ಲ, ಸರಿಮಾಡ್ತೀನಿ ಅನ್ನೋದಾದ್ರೆ ಐ ವಿಲ್ ಮೇಕ್ ಇಟ್ ಅಪ್ ಟು ಯೂ, ‘ತೋಕೆ ಪುಶಿಯೆ ದೇಬೋ’. ಟು ಕಂಡ್ರೆ ದೇವಾ, ಟು ಇಲ್ಲದಿದ್ರೆ ಬಹುತೇಕ ನೇವಾ ಅಂತ ಹೇಳ್ಕೊಟ್ರೆ ಪರೀಕ್ಷೆಗೆ ಸಾಕು. ಇದರಲ್ಲಿ ಖುಷಿ ಕೊಡೋದು ಏನಂದ್ರೆ ಈ ಅರ್ಥ ರೈಲಲ್ಲಿ ಆಗಲೇ ಓಡಾಡ್ತಿದೆ. ಹೌರಾ ಬೆಂಗಳೂರು ಟ್ರೈನಲ್ಲಿ ಕೂತಿರಿ, ಗಾಡಿ ಎಲ್ಲೋ ನಿಂತು ಲೇಟಾಯ್ತು ಅಂದ್ರೆ ಬಂಗಾಳಿ ಪ್ಯಾಸೆಂಜರ್ ‘ಮೇಕ್ ಆಪ್ ಕೋರೆ ನೇಬೇ’ ಅಂತಾರೆ, ಕನ್ನಡದೋರು ಮುಂದೆ ಮೇಕಪ್ ಮಾಡ್ಕೋತಾನೆ ಬಿಡಿ ಅಂತಾರೆ. ಇಬ್ರಿಗೂ ಗೊತ್ತಿರೋ ಪದ, ಇಬ್ರ ಮಕ್ಕಳೂ ಪರೀಕ್ಷೆಯಲ್ಲಿ ಗೊತ್ತಿಲ್ಲ ಅಂತ ಬಿಟ್ಟುಬರ್ತಾರೆ, ಅದನ್ನ ನೋಡಿದ್ರೆ ನನಗೆ ಸಂಕಟ ಆಗತ್ತೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಸೇರೋ ಬಂಗಾಳಿ ಹುಡುಗ್ರಿಗೆ ಅಲ್ಲಿ ಮೇಕಪ್ ಎಕ್ಸಾಮ್ ಅನ್ನೋ ಮಾತು ಬೇರೆ ಕಿವಿಗೆ ಬೀಳತ್ತೆ, ಅದೂ ಇದೇ ಅರ್ಥದ ಮರಿ.

ಭಾಗಗಳು ಸೇರಿ ಒಂದಾಗೋ ಅರ್ಥ ಸ್ವಲ್ಪ ಒಣ ವಿಷಯ, ಬೇಗ ಮುಗಿಸ್ತೀನಿ. ಸುಂದರಬನದ ಭಾರತದ ಭಾಗದಲ್ಲಿ 102 ದ್ವೀಪಗಳಿವೆ, ಅದ್ರಲ್ಲಿ 54ರಲ್ಲಿ ಜನ ಇದಾರೆ ಅಂತ ಇಲ್ಲಿನ ಮಕ್ಕಳು ಭೂಗೋಳದಲ್ಲಿ ಓದ್ತಾರೆ, ಅದನ್ನೇ ಇಂಗ್ಲಿಷಲ್ಲಿ ದ್ವೀಪಗಳು ಮೇಕ್ ಅಪ್ ದ ಸುಂದರಬನ್ಸ್ ಅಂತ ಹೇಳ್ಬಹುದು, ತಿರುಗಿಸಿದ್ರೆ ಈಸ್ ಮೇಡ್ ಅಪ್ ಆಫ್. ಆಫ್ ಬದಲು ಬೈ ಹಾಕೋದು ಇಲ್ಲಿನ ಮಾಮೂಲಿ ತಪ್ಪು, ಬಂಗಾಳಿಯ ‘ನಿಯೆ’ (ತಗೊಂಡು) ಅನ್ನೋದನ್ನ ಬೈ ಅಂತ ತಿಳ್ಕೊಳ್ತಾರೆ. ಹಳೇ ಕಾಲದ ಕಾಂಪೌಂಡರ್ ಬಾಬು ಬಾಟಲಿಯಲ್ಲಿ ಮಿಕ್ಸ್ಚರ್ ಕೂಡಿಸಿ ಕೊಡ್ತಿದ್ರಲ್ಲ, ಬ್ರಿಟಿಷ್ ಇಂಗ್ಲಿಷಲ್ಲಿ ಅದಕ್ಕೂ ಮೇಕ್ ಅಪ್ ಅಂತಲೇ ಹೇಳೋದು, ಬೇರೆ ಬೇರೆ ಸೇರಿಸಿ ಒಂದು ಮಾಡೋದು ಅನ್ನೋ ಮೂಲ ಅರ್ಥ ಅಲ್ಲಿ ಚೆನ್ನಾಗಿ ಕಾಣತ್ತೆ. ಜಗಳ ಆದ ಇಬ್ಬರನ್ನ ಸೇರ್ಸೋದು, ಕಮ್ಮಿ ಇರೋದಕ್ಕೆ ಸೇರ್ಸೋದು, ಮುಖಕ್ಕೆ ಒಂದೊಂದೇ ಸೇರ್ಸಿ ಇನ್ನೊಂದು ಮುಖ ಮಾಡೋದು, ಎಲ್ಲಾ ಅಲ್ಲಿಂದಲೇ ಕವಲೊಡೆದಿರೋದು ಅಂತ ದೊಡ್ಡ ಕ್ಲಾಸಿನ ಮಕ್ಕಳಿಗೆ ಹೇಳಿದ್ರೆ ಅವರಿಗೆ ಒಂದು ದಾರ ಸಿಗತ್ತೆ.

ಮನಸ್ಸು ಮಾಡೋದು. ಮೇಕ್ ಅಪ್ ಯುವರ್ ಮೈಂಡ್. ಬಂಗಾಳಿಯಲ್ಲಿ ‘ಮೊನ್ ಸ್ಥಿರ್ ಕೊರಾ’ ಅಂತ ಇದೆ, ಸರಿಯೇ, ಆದ್ರೆ ದಿನಾ ಮಾತಾಡೋವಾಗ ‘ಠಿಕ್ ಕೋರೆ ಫೆಲೆಛಿ’ ಅಂತಾರೆ, ಡಿಸೈಡ್ ಮಾಡ್ಬಿಟ್ಟಿದೀನಿ. ಮತ್ತೆ ಅದೇ ಫ್ಯಾಲಾ, ಮತ್ತೆ ಅದೇ ಅಪ್. ನಾವು ಮನಸ್ಸು ಮಾಡಿದೀನಿ ಅಂತೀವಿ, ಮೇಕ್ ಕೂಡ ಬಂತು ಮೈಂಡ್ ಕೂಡ ಬಂತು, ಹಾಗಾಗಿ ಕನ್ನಡ ಮಕ್ಕಳಿಗೆ ಇದು ಬಂಗಾಳಿಗಳಿಗಿಂತ ಸಲೀಸು.

ಇನ್ನು ಬಣ್ಣ ಹಚ್ಚೋ ಮೇಕಪ್. ಚಿತ್‌ಪುರದ ಜಾತ್ರಾ ಅನ್ನೋ ಬಂಗಾಳಿ ಜನಪದ ನಾಟಕದ ಕಂಪನಿಗಳ ಊರಿದು, ಬಣ್ಣ ಹಚ್ಕೊಳ್ಳೋ ಕೋಣೆಗೆ ಇಲ್ಲಿ ‘ಶಾಜ್‌ಘೊರ್’ ಅಂತಾರೆ, ನಮ್ಮ ಯಕ್ಷಗಾನದ ಚೌಕಿ ಇದ್ದಂಗೆ. ಅರ್ಥ ಹೇಳೋದೇ ಬೇಡ, ಎಚ್ಚರಿಕೆ ಮಾತ್ರ ಹೇಳ್ಬೇಕು, ಇದು ಇಂಗ್ಲಿಷಲ್ಲಿ ಹೆಚ್ಚಾಗಿ ನಾಮಪದ, ಕ್ರಿಯೆ ಬೇಕು ಅಂದ್ರೆ ಪುಟ್ ಆನ್ ಮೇಕಪ್ ಅಥವಾ ಡೂ ಮೇಕಪ್. ಶೀ ಮೇಡ್ ಅಪ್ ಬಿಫೋರ್ ದ ಪಾರ್ಟಿ ಅಂತ ಬರೆದ್ರೆ ಓದೋರು ಪಾರ್ಟಿಗೆ ಮುಂಚೆ ಯಾರ ಜೊತೆಗೋ ಭಾಬ್ ಆಯ್ತು ಅಂತ ತಿಳ್ಕೊಳ್ತಾರೆ. ಇಲ್ಲೇ ಉಚ್ಚಾರಣೆ ವಿಷಯವೂ ಬರತ್ತೆ. ಬಂಗಾಳಿಯಲ್ಲಿ ಒತ್ತು ಸಾಮಾನ್ಯವಾಗಿ ಪದದ ಶುರುವಿನ ಮೇಲೇ ಬೀಳತ್ತೆ, ಹಾಗಾಗಿ ಮಕ್ಕಳು ಎಲ್ಲಾ ಕಡೆ ಮೇಕ್ ಅನ್ನೋದನ್ನೇ ಒತ್ತಿ ಹೇಳ್ತಾರೆ. ನಾಮಪದಕ್ಕೆ ಅದು ಸರಿ, ಕ್ರಿಯಾಪದಕ್ಕೆ ಅಪ್ ಮೇಲೂ ಒತ್ತು ಬೇಕು, ದೇ ಮೇಡ್ ಅಪ್ ಅನ್ನೋವಾಗ ಅಪ್ ಜೋರಾಗಿ ಕೇಳಿಸ್ಬೇಕು. ಬರವಣಿಗೆಯಲ್ಲಿ ಇದು ಕಾಣಲ್ಲ ಅಂತ ಯಾರೂ ಹೇಳ್ಕೊಡಲ್ಲ, ಆದ್ರೆ ಮಾತಾಡೋವಾಗ ಎದುರಿಗಿರೋರಿಗೆ ಅರ್ಥ ಆಗೋದು ಇದರಿಂದಲೇ.

ನಿಜವಾದ ತೊಡಕು ಇರೋದು ಅರ್ಥದಲ್ಲಲ್ಲ, ಜಾಗದಲ್ಲಿ. ಬಂಗಾಳಿಯ ಜೋಡಿ ಕ್ರಿಯಾಪದಗಳು ಒಂದಕ್ಕೊಂದು ಅಂಟ್ಕೊಂಡಿರ್ತವೆ, ಯಾವುದನ್ನ ಅನ್ನೋದು ಅವಕ್ಕಿಂತ ಮುಂಚೇನೇ ಬಂದು ಹೋಗಿರತ್ತೆ, ‘ಓಟಾ ಖೇಯೆ ಫ್ಯಾಲ್’, ಅದನ್ನ ತಿಂದ್ಬಿಡು. ಮಧ್ಯೆ ಇ, ತೋ ಅಂಥ ಚಿಕ್ಕ ಚೂರುಗಳು ಬಿಟ್ರೆ ಯಾರನ್ನೂ ಬಿಟ್ಕೊಳ್ಳಲ್ಲ. ಇಂಗ್ಲಿಷಲ್ಲಿ ಹಾಗಲ್ಲ, ಮೇಕ್ ಅಪ್ ಎ ಸ್ಟೋರಿ ಅನ್ಬಹುದು, ಮೇಕ್ ಎ ಸ್ಟೋರಿ ಅಪ್ ಅಂತಲೂ ಅನ್ಬಹುದು, ಆದ್ರೆ ಸ್ಟೋರಿ ಬದಲು ಇಟ್ ಬಂದ್ರೆ ಅದು ಮಧ್ಯದಲ್ಲೇ ಕೂರ್ಬೇಕು, ಮೇಡ್ ಇಟ್ ಅಪ್. ಮೇಡ್ ಅಪ್ ಇಟ್ ಅಂದ್ರೆ ತಪ್ಪು. ಈ ನಿಯಮಕ್ಕೆ ಬಂಗಾಳಿಯಲ್ಲೂ ಕನ್ನಡದಲ್ಲೂ ಜೋಡಿ ಇಲ್ಲ, ಇಲ್ಲಿ ಹೋಲಿಕೆ ಹುಡುಕೋದು ವ್ಯರ್ಥ, ಬಾಯಿಗೆ ರೂಢಿ ಆಗೋವರೆಗೂ ಹೇಳಿಸ್ಬೇಕು ಅಷ್ಟೇ. ನಾನು ಮಾಡೋದು ಹೀಗೆ, ಮಕ್ಕಳಿಂದ ಪ್ರಶ್ನೆ ಕೇಳಿಸಿ ಉತ್ತರ ಹೇಳಿಸೋದು, ಈಸ್ ದ ಸ್ಟೋರಿ ಟ್ರೂ, ನೋ ಐ ಮೇಡ್ ಇಟ್ ಅಪ್, ವೇರ್ ಈಸ್ ದ ರೈಸ್, ಐ ಏಟ್ ಇಟ್ ಅಪ್, ವೈ ಈಸ್ ದ ಮ್ಯಾಚ್ ನಾಟ್ ಟುಡೇ, ದೇ ಪುಟ್ ಇಟ್ ಆಫ್. ಬರಿಸೋದಕ್ಕಿಂತ ಹೇಳಿಸೋದು ಬೇಗ ಫಲ ಕೊಡತ್ತೆ. ಅವರ ಜೊತೆ ಬರೋ ತಾಯಂದ್ರೂ ಬಾಗಿಲ ಹತ್ರ ನಿಂತು ಮೆಲ್ಲಗೆ ತಾವೂ ಹೇಳ್ತಾರೆ, ಅದನ್ನ ನೋಡೋಕೆ ನನಗೆ ತುಂಬಾ ಸಂತೋಷ.

ಪುಟ್ ಆಫ್ ಅಂದ್ನಲ್ಲ, ಅದ್ರಲ್ಲಿ ಒಂದು ತಮಾಷೆಯ ಸಂಗತಿ ಇದೆ. ಬಂಗಾಳಿಯಲ್ಲಿ ಪರೀಕ್ಷೆ ‘ಪಿಛಿಯೆ’ ಹೋಗತ್ತೆ, ಹಿಂದಕ್ಕೆ, ಕನ್ನಡದಲ್ಲಿ ಅದೇ ಪರೀಕ್ಷೆ ಮುಂದಕ್ಕೆ ಹೋಗತ್ತೆ, ಇಂಗ್ಲಿಷಲ್ಲಿ ಆಚೆ ಹೋಗತ್ತೆ. ಹೊಸದಾಗಿ ಕೋಲ್ಕತ್ತಾಗೆ ಬರೋ ಕನ್ನಡದೋರಿಗೆ ಮೀಟಿಂಗ್ ಪಿಛಿಯೆ ಗ್ಯಾಛೆ ಅಂದ್ರೆ ಗಾಬರಿ ಆಗ್ಬೇಡಿ, ಇನ್ನೂ ಟೈಮ್ ಇದೆ ಅಂತರ್ಥ.

ಮೇಕ್ ಅಪ್ ಮುಗಿದ ಮೇಲೆ ನಾನು ಸಾಮಾನ್ಯವಾಗಿ ಗೆಟ್ ಓವರ್ ತಗೋತೀನಿ, ಅದಕ್ಕೆ ಬಂಗಾಳಿಯಲ್ಲಿ ‘ಕಾಟಿಯೆ ಓಠಾ’ ಅಂತ ಅಪ್ಪಟ ಜೋಡಿ ಇದೆ, ಕಾಯಿಲೆ, ದುಃಖ, ಭಯ ಎಲ್ಲದಕ್ಕೂ ಸರಿಹೋಗತ್ತೆ. ಆಮೇಲೆ ಗಿವ್ ಅಪ್, ‘ಛೇಡೆ ದೇವಾ’, ಬಿಟ್ಟುಬಿಡೋದು, ಸಿಗರೇಟಿಗೂ ಆಗತ್ತೆ ಕೆಲಸಕ್ಕೂ ಆಗತ್ತೆ, ಆಸೆ ಬಿಟ್ಟು ಕೈಚೆಲ್ಲಿದ್ರೆ ‘ಹಾಲ್ ಛೇಡೆ ದೇವಾ’, ಹಾಲ್ ಅಂದ್ರೆ ದೋಣಿಯ ಚುಕ್ಕಾಣಿ, ನದಿ ನಾಡಿನ ಮಾತು. ಕೊನೆಗೆ ಲುಕ್ ಫಾರ್ವರ್ಡ್ ಟು, ‘ಪೊಥ್ ಚೇಯೆ ಥಾಕಾ’, ದಾರಿ ನೋಡ್ತಾ ಇರೋದು, ನಮ್ಮ ಎದುರು ನೋಡೋದು. ಪತ್ರ ಬರೆಯೋ ಪ್ರಶ್ನೆಯಲ್ಲಿ ಇದನ್ನ ಎಲ್ಲರೂ ಹಾಕ್ತಾರೆ, ಹಾಕಿ ಟು ಆದ್ಮೇಲೆ ಮೀಟ್ ಅಂತ ಬರೀತಾರೆ, ಮೀಟಿಂಗ್ ಅಂತ ಬರಿಬೇಕು. ಆ ಟು ಇಲ್ಲಿ ಕ್ರಿಯಾಪದದ ಮುಂದೆ ಬರೋ ಟು ಅಲ್ಲ, ಯಾವುದರ ಕಡೆಗೆ ಅಂತ ಹೇಳೋ ಟು.